ಬಂದರುಕಟ್ಟೆಯಲ್ಲಿ ಹೇಳಿದ ಹುಟ್ಟು

ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದು ಹತ್ತೊಂಬತ್ತು ದಿನವಾಗಿದೆ ಎಂಬುದು ಹಡಗು ಹೊರಡಲು ಬರೀ ನಾಲ್ಕು ದಿನ ಇರುವಾಗ ಗೊತ್ತಾಯಿತು. ಅಮ್ಮ ಹೊರಗಿನ ಕೋಣೆಯಲ್ಲಿ ಹೊಸದಾಗಿ ತಂದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಹಡಗಿನ ಮೇಲೆ ಚಪ್ಪಲಿ ಜಾರುತ್ತದೆ ಎಂದು ಯಾರೋ ಹೇಳಿದ್ದರು. ನಾನು ಒಳಗೆ ಕುಳಿತು ಕಂಪನಿ ಕಳಿಸಿದ ಪಟ್ಟಿಯ ಒಂದೊಂದೇ ಸಾಲಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಪಾಸ್‌ಪೋರ್ಟು ಎಂಬಲ್ಲಿ ಬಂದು ಕಪಾಟು ತೆಗೆದೆ. ಅದನ್ನು ಮಾಡಿಸಿದ್ದು ಐದು ವರ್ಷದ ಹಿಂದೆ, ಸಮುದ್ರದಾಚೆಯ ಊರಿನಲ್ಲಿ ನಡೆಯುವ ಪ್ರಬಂಧ ಸ್ಪರ್ಧೆಗೆಂದು. ಬರೆದದ್ದನ್ನು ವೇದಿಕೆಯ ಮೇಲೆ ನಿಂತು ಓದಬೇಕು ಎಂದು ತಿಳಿದ ದಿನ ನನಗೆ ಜ್ವರ ಬಂತು. ಹೋಗಲಿಲ್ಲ. ಒಂದೂ ಮುದ್ರೆ ಬೀಳದೆ ಆ ಪುಸ್ತಕ ತನ್ನಷ್ಟಕ್ಕೆ ಮುಗಿದುಹೋಗಿತ್ತು.

ಅಮ್ಮನಿಗೆ ಹೇಗೆ ಹೇಳುವುದು? ಅವಳು ಹಡಗು ಕಂಪನಿಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಹದಿನೈದು ದಿನಕ್ಕೊಮ್ಮೆ ಹಡಗು ಕಟ್ಟೆಗೆ ಬಂದಾಗ ಅದರ ಹಾಸಿಗೆಬಟ್ಟೆ, ಮೇಜುಬಟ್ಟೆ, ಟವೆಲುಗಳೆಲ್ಲ ಅವಳ ಕೈಗೆ ಬರುತ್ತಿದ್ದವು. ಹನ್ನೆರಡನೇ ಕೋಣೆಯವರು ಹಾಸಿಗೆಯಲ್ಲೇ ಕೂತು ತಿನ್ನುತ್ತಾರೆ, ನಲವತ್ತನೆಯದರಲ್ಲಿ ಯಾರೋ ರಾತ್ರಿಯಿಡೀ ಅತ್ತಿದ್ದಾರೆ ಎಂದೆಲ್ಲ ಅವಳು ಮನೆಗೆ ಬಂದು ಹೇಳುವಳು. ಆದರೆ ಹಡಗಿನೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಲಾಂಡ್ರಿಯವರು ಬಟ್ಟೆಯ ಗಾಡಿಯನ್ನು ಏಣಿಯ ಬುಡದವರೆಗೆ ತಳ್ಳಿಕೊಂಡು ಹೋಗಿ ವಾಪಸು ಬರಬೇಕು. ಈಗ ನಿವೃತ್ತಿಯ ಉಡುಗೊರೆಯಾಗಿ ಒಂಬತ್ತು ದಿನದ ವಿಹಾರ ಬಂದಿತ್ತು. ನಾಲ್ಕು ದ್ವೀಪ ಸುತ್ತಿ ಇಲ್ಲಿಗೇ ವಾಪಸು. ಇಬ್ಬರ ಹೆಸರಿನ ಒಂದೇ ಪತ್ರ; ಇಬ್ಬರೂ ಹತ್ತಬೇಕು, ಒಬ್ಬರು ತಪ್ಪಿದರೆ ಇನ್ನೊಬ್ಬರಿಗೂ ಇಲ್ಲ. ಇದೇ ತಾರೀಕು, ಮುಂದೆ ಹಾಕುವ ಹಾಗಿಲ್ಲ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಗಿದ್ದರಿಂದ ಎರಡನೆಯ ಹೆಸರು ನನ್ನದಾಗಿತ್ತು: ಕೇತಕಿ, ಮಗಳು.

ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ಹೊರಟ ಬಂದರಿಗೇ ಮರಳುವ ಪ್ರಯಾಣವಾದ್ದರಿಂದ, ಪಾಸ್‌ಪೋರ್ಟಿನ ಅವಧಿ ಮೀರಿದವರು ಭಾವಚಿತ್ರವಿರುವ ಒಂದು ಗುರುತುಚೀಟಿ ಮತ್ತು ಹುಟ್ಟಿನ ಸಾಕ್ಷಿ ಹಾಜರುಪಡಿಸಿ ಹತ್ತಬಹುದು. ಗುರುತುಚೀಟಿ ನನ್ನಲ್ಲಿತ್ತು, ವಾಚನಾಲಯದ್ದು. ಹುಟ್ಟಿನ ಸಾಕ್ಷಿ ಎಂದರೆ ಬೇರೆ ಊರುಗಳಲ್ಲಿ ಒಂದು ಕಾಗದವಂತೆ. ನಮ್ಮೂರಿನಲ್ಲಿ ಅದೊಬ್ಬ ಮನುಷ್ಯ.

ಇಲ್ಲಿ ಹುಟ್ಟನ್ನು ಬರೆಯುವುದಿಲ್ಲ, ಒಬ್ಬರ ಹತ್ತಿರ ಇಡುತ್ತಾರೆ. ಮಗು ಹುಟ್ಟುವಾಗ ರಕ್ತಸಂಬಂಧವಿಲ್ಲದ ಒಬ್ಬರು ಹತ್ತಿರವಿದ್ದು, ಮಗು ಮನೆಯ ಹೊಸ್ತಿಲು ದಾಟುವವರೆಗೆ ನಡೆದದ್ದನ್ನೆಲ್ಲ ನೆನಪಿಟ್ಟುಕೊಳ್ಳಬೇಕು. ಅವರು ಅದನ್ನು ಪೂರ್ತಿಯಾಗಿ ಹೇಳಿದಾಗ ಹುಟ್ಟಿದವರಿಗೆ ಮೂರು ಬಿಕ್ಕಳಿಕೆ ಬರುತ್ತದೆ. ಒಂದು ಸಂಗತಿ ಬಿಟ್ಟುಹೋದರೂ ಬರುವುದಿಲ್ಲ. ಸಂತೆಪೇಟೆಯ ವಾಮನನಿಗೆ ಮದುವೆ ನಿಶ್ಚಯವಾದಾಗ ಅವನ ಸಾಕ್ಷಿಯವರು ಮಳೆ, ಗಾಳಿ, ಗಳಿಗೆ ಎಲ್ಲ ಹೇಳಿ, ಸೂಲಗಿತ್ತಿಗೆ ಎರಡು ಸಲ ಸೀನು ಬಂದದ್ದನ್ನು ಮರೆತರು. ಅವನು ಮೂರು ದಿನ ಹುಟ್ಟದವನಾಗಿಯೇ ಉಳಿದ. ಹೋಟೆಲಿನಲ್ಲಿ ಎಲ್ಲರೂ, “ಹುಟ್ಟದವನಿಗೆ ಚಾ ಯಾಕೆ?” ಎಂದು ಅವನ ಲೋಟವನ್ನು ಪಕ್ಕದವರಿಗೆ ದಾಟಿಸಿದರು. ಹಾಗಾಗಿ ನಮ್ಮಲ್ಲಿ ಸಾಕ್ಷಿಯವರೊಡನೆ ಯಾರೂ ಜಗಳವಾಡುವುದಿಲ್ಲ. ಮೊದಲ ಮಾವಿನಹಣ್ಣು ಅವರ ಮನೆಗೆ. ಅವರಿಗೆ ಕೆಮ್ಮು ಜೋರಾದರೆ ಕಷಾಯ ಹಿಡಿದುಕೊಂಡು ನಾಲ್ಕು ಮನೆಯವರು ಓಡುತ್ತಾರೆ.

ಜಗಳವಾಡಿದವಳು ನನಗೆ ಗೊತ್ತಿದ್ದಂತೆ ನನ್ನ ಅಮ್ಮ ಒಬ್ಬಳೇ. ನನ್ನ ಹುಟ್ಟು ಸೆಲೆಸ್ತಿನ್ ಬಾಯಮ್ಮನ ಹತ್ತಿರವಿತ್ತು; ಓಣಿಗೆಲ್ಲ ಅವರು ಸೆಲ್ಲಿ ಬಾಯಮ್ಮ. ಅವರು ನಮ್ಮ ಓಣಿಯ ಕೊನೆಯ ಮನೆಯವರು, ಒಂದು ಕಾಲದಲ್ಲಿ ಅಮ್ಮನ ಜೊತೆ ಲಾಂಡ್ರಿಯಲ್ಲಿದ್ದವರು. ನಾನು ಕಂಡಂತೆ ಇಬ್ಬರೂ ಮಾತಾಡಿದ್ದೇ ಇಲ್ಲ. ಹಬ್ಬದ ದಿನ ಅಮ್ಮ ನನ್ನ ಕೈಯಲ್ಲಿ ಪಾಯಸ ಕಳಿಸುವಳು. ಅವರು ಅದನ್ನು ತೆಗೆದುಕೊಂಡು ಪಾತ್ರೆ ತೊಳೆದು ನನ್ನ ಕೈಯಲ್ಲೇ ವಾಪಸು ಕೊಡುವರು. ಶಾಲೆಗೆ ಸೇರಿಸುವಾಗ ಅವರು ಮಾಸ್ತರರ ಎದುರು ಕಣ್ಣುಮುಚ್ಚಿ ಮನಸ್ಸಿನಲ್ಲೇ ಹೇಳಿಕೊಂಡಿದ್ದರಂತೆ. ಶಾಲೆಗೆ ಅಷ್ಟು ಸಾಕು. ಹೀಗಾಗಿ ನನ್ನ ಹುಟ್ಟಿನ ಕಥೆಯನ್ನು ನಾನೇ ಕೇಳಿರಲಿಲ್ಲ. ಆದರೆ ಬಂದರಿನ ನಿಯಮ ಬೇರೆ. ಅಲ್ಲಿ ಕಟ್ಟೆಯ ಮೇಲೆ ನಿಂತು, ಕಂಪನಿಯ ಕಡೆಯವರಿಗೆ ಕೇಳುವ ಹಾಗೆ, ಬಾಯಿಬಿಟ್ಟು ಹೇಳಬೇಕು.

ಸಂಜೆ ಅಮ್ಮನಿಗೆ ಹೇಳಿದೆ. ಅವಳು ಬೂಟು ಬಿಚ್ಚಿ ಜೋಡಿಸಿಟ್ಟಳು.

“ಬೇರೆ ಎಂತಾದ್ರೂ ಕಾಗದ ನಡೀತದಾ ಕೇಳು.”

“ಸೆಲ್ಲಿ ಬಾಯಮ್ಮನನ್ನು ಕರೆದ್ರೆ ಆಯ್ತಲ್ಲ ಅಮ್ಮ. ಹತ್ತು ನಿಮಿಷದ ಕೆಲಸ.”

“ಅವಳನ್ನು ಕರೀಲಿಕ್ಕಿಲ್ಲ.”

“ಜಗಳ ನಿಮ್ಮಿಬ್ಬರದ್ದು. ನನ್ನ ಹುಟ್ಟು—”

“ಕರೀಲಿಕ್ಕಿಲ್ಲ ಅಂದೆನಲ್ಲ. ಹಡಗು ಬೇಡ, ಏನೂ ಬೇಡ. ಬಿಡು.”

ಅವಳು ಬೇಡವೆಂದದ್ದು ಹಡಗನ್ನಲ್ಲ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದಾಗ ಅವಳು ಆ ಬೂಟಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅದರ ದಾರಗಳನ್ನು ತೆಗೆದು ಮತ್ತೆ ಪೋಣಿಸುತ್ತಿದ್ದಳು. ನನಗೆ ಕೋಪ ಬಂತು. ನನಗೆ ಕೋಪ ಬರುವುದು ಕಡಿಮೆ, ಬಂದರೂ ಡೈರಿಯಲ್ಲಿ ಎರಡು ಪುಟವಾಗಿ ಮುಗಿಯುತ್ತದೆ. ಆ ದಿನ ಬರೆದರೂ ಮುಗಿಯಲಿಲ್ಲ. ಒಂದು ಹಳೆಯ ಜಗಳಕ್ಕೆ ಮೂವತ್ತೊಂದು ವರ್ಷದ ಆಸೆಯನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?

ಮಧ್ಯಾಹ್ನ ಅಮ್ಮನಿಗೆ ಹೇಳದೆ ಓಣಿಯ ಕೊನೆಗೆ ಹೋದೆ. ಸೆಲ್ಲಿ ಬಾಯಮ್ಮ ಮನೆಯ ಕಿಟಕಿಯಲ್ಲೇ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದರು. ಕೆಂಡದ ಇಸ್ತ್ರಿಪೆಟ್ಟಿಗೆ, ಪಕ್ಕದಲ್ಲಿ ಬಟ್ಟೆಯ ಗುಡ್ಡ. ನಾನು ಬಂದು ನಿಂತದ್ದನ್ನು ನೋಡಿಯೂ ಒಂದು ಅಂಗಿಯ ಎರಡು ತೋಳು ಮುಗಿಸುವವರೆಗೆ ತಲೆ ಎತ್ತಲಿಲ್ಲ.

“ಎಂತ? ಇವತ್ತು ಹಬ್ಬ ಅಲ್ಲ. ಕೈಯಲ್ಲಿ ಪಾತ್ರೆಯೂ ಇಲ್ಲ.”

ನಾನು ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡಿದ್ದ ನಾಲ್ಕು ವಾಕ್ಯಗಳಲ್ಲಿ ಮೂರು ಮರೆತುಹೋದವು. ನಾಲ್ಕನೆಯದನ್ನು ಹೇಳಿದೆ. “ಶುಕ್ರವಾರ ಹಡಗು ಹತ್ತಬೇಕು ಬಾಯಮ್ಮ. ನನ್ನ ಪಾಸ್‌ಪೋರ್ಟು ಮುಗಿದಿದೆ.”

ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟರು.

“ಅಂದ್ರೆ ದೇವಕಿಗೆ ವಿಹಾರ ಸಿಕ್ಕಿತು.”

“ಹೌದು.”

“ಎಷ್ಟು ದಿನದ್ದು?”

“ಒಂಬತ್ತು.”

“ಒಂಬತ್ತು,” ಎಂದು ಅವರು ಆ ಅಂಗಿಯನ್ನು ಮಡಚಿದರು. ಅಂಥ ಮಡಚುವಿಕೆಯನ್ನು ನಾನು ಅಮ್ಮನ ಕೈಯಲ್ಲಿ ಮಾತ್ರ ನೋಡಿದ್ದೆ. “ಅವಳು ಕಳ್ಸಿದ್ದಾ ನಿನ್ನನ್ನು?”

“ಇಲ್ಲ.”

“ನೀನು ಬಂದದ್ದು ಅವಳಿಗೆ ಗೊತ್ತುಂಟಾ?”

“ಇಲ್ಲ.”

“ನೋಡು ಮಗಾ, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ಕರೆದ್ರೆ ಬರ್ತೇನೆ. ಹುಟ್ಟು ಇಟ್ಟುಕೊಂಡವಳು ಬರೂದಿಲ್ಲ ಅಂತ ಹೇಳ್ಲಿಕ್ಕಾಗ್ತದಾ? ಆದ್ರೆ ಕಟ್ಟೆಯಲ್ಲಿ ಬಾಯಿಬಿಟ್ಟು ಹೇಳ್ಬೇಕು. ಅರ್ಧ ಹೇಳಿ ಅರ್ಧ ನುಂಗ್ಲಿಕ್ಕಾಗೂದಿಲ್ಲ. ಮನೆಗೆ ಹೋಗಿ ಅಮ್ಮನ ಹತ್ರ ಹೀಗೇ ಹೇಳು. ಅವಳು ಹೂಂ ಅಂದ್ರೆ ನಾನು ಶುಕ್ರವಾರ ಎರಡು ಗಂಟೆಗೆ ಅಲ್ಲಿರ್ತೇನೆ.”

ನಾನು ಹೂಂ ಎಂದೆ. ಹೂಂ ಎಂದದ್ದು ಹೋಗಿ ಕೇಳುತ್ತೇನೆ ಎಂಬ ಅರ್ಥದಲ್ಲಿ. ಆದರೆ ಮನೆ ತಲುಪುವಷ್ಟರಲ್ಲಿ ಆ ಧೈರ್ಯ ಹೋಗಿತ್ತು. ಅಮ್ಮನ ಎದುರು ನಿಂತು ಅವಳು ಬೇಡವೆಂದದ್ದನ್ನು ಎರಡನೇ ಸಲ ಕೇಳುವುದು ನನ್ನಿಂದಾಗದ ಕೆಲಸ. ಕಟ್ಟೆಯ ಮೇಲೆ ಎದುರಾದರೆ ಇಬ್ಬರೂ ಹೇಗೋ ಸುಮ್ಮನಾಗುತ್ತಾರೆ, ನಾಲ್ಕು ಜನರ ಮುಂದೆ ಯಾರೂ ಜಗಳ ತೆಗೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಅಮ್ಮನಿಗೆ ಒಂದು ಸುಳ್ಳು ಹೇಳಿದೆ. ವಾಚನಾಲಯದ ಚೀಟಿಯ ಜೊತೆ ಒಂದು ಅರ್ಜಿ ತುಂಬಿಸಿದರೆ ಸಾಕಂತೆ. ಸೆಲ್ಲಿ ಬಾಯಮ್ಮನಿಗೂ ಒಂದು ಸುಳ್ಳು, ಕಿಟಕಿಯ ಹೊರಗಿನಿಂದಲೇ, ಅವರ ಮುಖ ನೋಡದೆ: “ಅಮ್ಮ ಹೂಂ ಅಂದಳು.”

“ಅಂದಳಾ?” ಎಂದರು ಅವರು. ಇಸ್ತ್ರಿಪೆಟ್ಟಿಗೆ ಒಂದು ಜಾಗದಲ್ಲಿ ನಿಂತುಬಿಟ್ಟಿತು. “ಖಂಡಿತ ಅಂದಳಾ?”

“ಹೌದು ಬಾಯಮ್ಮ.”

ಅವರ ಕಣ್ಣು ತುಂಬಿಬಂದದ್ದು ಕೆಂಡದ ಹೊಗೆಗೆ ಎಂದುಕೊಂಡು ನಾನು ಬಂದುಬಿಟ್ಟೆ.

ಶುಕ್ರವಾರ ಬಿಸಿಲು ಚುರುಗುಟ್ಟುತ್ತಿತ್ತು. ಹಡಗು ಬೆಳಿಗ್ಗೆಯೇ ಬಂದು ಕಟ್ಟೆಗೆ ತಾಗಿ ನಿಂತಿತ್ತು. ಅದರ ನೆರಳು ಉಪ್ಪಿನ ಗೋದಾಮಿನ ಮಾಡಿನವರೆಗೂ ಬಿದ್ದಿತ್ತು. ಹೊರಡುವುದು ಮೂರು ಗಂಟೆಗೆ. ಏಣಿಯ ಬುಡದಲ್ಲಿ ಎರಡು ಮೇಜು. ಒಂದರಲ್ಲಿ ಬಂದರಿನ ಅಧಿಕಾರಿ ಹಮೀದ್ ಸಾಹೇಬರು. ಇಪ್ಪತ್ತೆರಡು ವರ್ಷದಿಂದ ಅವರ ಕೆಲಸವೇ ಬಿಕ್ಕಳಿಕೆ ಕೇಳುವುದು. ಇನ್ನೊಂದರಲ್ಲಿ ಕಂಪನಿಯ ಸೂಪರಿಂಟೆಂಡೆಂಟ್ ದಿವಾಕರ ಮಲ್ಯರು, ಕಾಲರಿನ ಒಳಗೆ ಕರ್ಚೀಫು ಸಿಕ್ಕಿಸಿಕೊಂಡು ಪತ್ರಗಳನ್ನು ನೋಡುತ್ತಿದ್ದರು. ಅಮ್ಮನ ಪಾಸ್‌ಪೋರ್ಟು ಸರಿಯಿತ್ತು. ಮಲ್ಯರು ಎದ್ದು ನಿಂತು ಅವಳಿಗೆ ಕೈಮುಗಿದರು. “ದೇವಕಿಯಮ್ಮ, ನೀವು ಮಡಚಿದ ಹಾಸಿನಲ್ಲಿ ನಾನು ಎಷ್ಟು ವರ್ಷ ಮಲಗಿದ್ದೇನೆ ಗೊತ್ತುಂಟಾ?” ಅಮ್ಮ ನಾಚಿ ಸೀರೆಯ ಸೆರಗನ್ನು ಎಳೆದುಕೊಂಡಳು. ಅವಳು ಅಷ್ಟು ಚಂದ ಕಂಡದ್ದನ್ನು ನಾನು ಮೊದಲು ನೋಡಿರಲಿಲ್ಲ.

ಹಮೀದ್ ಸಾಹೇಬರು ನನ್ನ ಪಾಸ್‌ಪೋರ್ಟು ತಿರುವಿ ಹಾಕಿದರು. “ಇದು ತೀರಿಹೋಗಿದೆ ಮಗಾ. ಚೀಟಿ ಉಂಟಾ? ಸರಿ. ನಿನ್ನ ಹುಟ್ಟು ಯಾರ ಹತ್ರ?”

ಅಮ್ಮ ನನ್ನ ಕಡೆ ತಿರುಗಿದಳು. “ಅರ್ಜಿ ಸಾಕು ಅಂದಿದ್ದಿಯಲ್ಲ?”

ನಾನು ಉತ್ತರಿಸುವ ಮೊದಲೇ ಜನರ ನಡುವಿನಿಂದ ಸೆಲ್ಲಿ ಬಾಯಮ್ಮ ಬಂದರು. ಚರ್ಚಿಗೆ ಹೋಗುವ ನೀಲಿ ಸೀರೆ, ಕೂದಲಿಗೆ ಎಣ್ಣೆ, ಕುತ್ತಿಗೆಯಲ್ಲಿ ಸರ. ಅವರು ಅಮ್ಮನನ್ನು ನೋಡಿ ನಕ್ಕರು. ಅದು ಯಾರೋ ಮೊದಲು ಕರೆದದ್ದಕ್ಕೆ ಕೊಡುವ ನಗು. ಅಮ್ಮನ ಮುಖ ನೋಡಿದ ಮೇಲೆ ಆ ನಗು ನಿಂತುಹೋಯಿತು. ಅವರಿಗೆ ತಿಳಿಯಿತು. ಆಮೇಲೆ ಅವರು ನನ್ನನ್ನು ನೋಡಿದ ನೋಟದಿಂದ ನನಗೂ ತಿಳಿಯಿತು, ನಾನು ಮಾಡಿದ್ದು ಸಣ್ಣ ತಪ್ಪಲ್ಲವೆಂದು. ಆದರೆ ತಪ್ಪು ಎಷ್ಟು ದೊಡ್ಡದೆಂದು ಇನ್ನೂ ತಿಳಿದಿರಲಿಲ್ಲ.

“ಸಾಕ್ಷಿಯವರು ಬಂದ್ರಲ್ಲ,” ಎಂದರು ಹಮೀದ್ ಸಾಹೇಬರು. “ನಿಯಮ ಗೊತ್ತುಂಟಲ್ಲ ಬಾಯಮ್ಮ, ಮೂರು ಸಲ ಹೇಳ್ಲಿಕ್ಕೆ ಅವಕಾಶ. ಮೂರರಲ್ಲೂ ಬಿಕ್ಕಳಿಕೆ ಬರದಿದ್ರೆ ಹುಡುಗಿ ಹತ್ತುವ ಹಾಗಿಲ್ಲ, ಮತ್ತೆ ನನ್ನನ್ನು ಬೈಬೇಡಿ. ಮಲ್ಯರೇ, ಈಚೆ ಕೇಳಿ.” ಮಲ್ಯರು ಕುರ್ಚಿ ತಿರುಗಿಸಿಕೊಂಡು ಕುಳಿತರು. ಸಾಲಿನಲ್ಲಿ ನಿಂತವರೂ ಸುತ್ತ ಸೇರಿದರು. ಬೇರೆಯವರ ಹುಟ್ಟು ಕೇಳುವುದೆಂದರೆ ನಮ್ಮೂರಿನವರಿಗೆ ಎಲ್ಲಿಲ್ಲದ ಉತ್ಸಾಹ.

ಸೆಲ್ಲಿ ಬಾಯಮ್ಮ ಗಂಟಲು ಸರಿಮಾಡಿಕೊಂಡರು. “ಅವತ್ತೂ ಶುಕ್ರವಾರ. ಹೀಗೇ ಬಿಸ್ಲು. ಹಡಗು ಬಂದು ಒಂದು ತಾಸಾಗಿತ್ತು. ಲಾಂಡ್ರಿಯ ಮಡಚುವ ಕೋಣೆಯಲ್ಲಿ ನಾನೂ ದೇವಕಿಯೂ ಇಬ್ರೇ ಇದ್ದದ್ದು. ಅವಳಿಗೆ ತುಂಬಿದ ದಿನ. ನೋವು ಬಂತು. ಹೊರಗೆ ಕೇಳ್ಬಾರ್ದು ಅಂತ ಬಾಯಿಗೆ ದಿಂಬಿನ ಚೀಲ ಕಚ್ಚಿಕೊಂಡ್ಲು. ಮಗು ಬಂತು. ಹೆಣ್ಣು. ಅಳ್ಲಿಲ್ಲ. ನಾನು ಮೂವತ್ತರವರೆಗೆ ಎಣಿಸಿದೆ. ಆಮೇಲೆ ಅತ್ತಿತು, ಅದೂ ಯಾರಿಗೂ ತೊಂದ್ರೆ ಆಗ್ಬಾರ್ದು ಅನ್ನೋ ಹಾಗೆ.”

“ಈಗ್ಲೂ ಹಾಗೇ ಇದ್ದಾಳೆ!” ಎಂದು ಗುಂಪಿನಲ್ಲಿ ಯಾರೋ ನಕ್ಕರು.

“ಸಂಜೆ ಮನೆಗೆ ಬಂತು. ಹೊಸ್ತಿಲು ದಾಟಿತು,” ಎಂದು ಸೆಲ್ಲಿ ಬಾಯಮ್ಮ ಗಡಿಬಿಡಿಯಲ್ಲಿ ಮುಗಿಸಿದರು.

ಎಲ್ಲರೂ ನನ್ನನ್ನು ನೋಡಿದರು. ನಾನು ಉಸಿರು ಹಿಡಿದು ನಿಂತೆ. ಏನೂ ಬರಲಿಲ್ಲ. ಹಮೀದ್ ಸಾಹೇಬರು ಕಿವಿ ನನ್ನ ಕಡೆ ಬಾಗಿಸಿ, ಕಣ್ಣುಮುಚ್ಚಿ ಕಾದರು. ಆಮೇಲೆ ಮೇಜಿನ ಮೇಲೆ ಒಂದು ಗೆರೆ ಎಳೆದರು.

“ಏನೋ ಬಿಟ್ಟುಹೋಗಿದೆ ಬಾಯಮ್ಮ. ಬೆಳಿಗ್ಗೆಯಿಂದ ಸಂಜೆಗೆ ಹಾರಿದಿರಿ. ನಿಧಾನ ಹೇಳಿ.”

ಹಡಗಿನ ಮೊದಲ ಸೀಟಿ ಕೂಗಿತು. ಅರ್ಧ ಗಂಟೆ ಉಳಿದಿದೆ ಎಂಬುದರ ಗುರುತು. ಸೆಲ್ಲಿ ಬಾಯಮ್ಮ ಅಮ್ಮನ ಕಡೆ ನೋಡಿದರು. ಅಮ್ಮ ಕಲ್ಲುಹಾಸನ್ನು ನೋಡುತ್ತಿದ್ದಳು. ಎರಡನೇ ಸಲ ಬಾಯಮ್ಮ ಮತ್ತೂ ವಿವರವಾಗಿ ಹೇಳಿದರು. ಬಾಗಿಲಿಗೆ ಬಟ್ಟೆಯ ಗಾಡಿ ಅಡ್ಡ ಇಟ್ಟದ್ದು, ಗೋಡೆಯ ಮೇಲೆ ಒಂದು ಹಲ್ಲಿ, ಹೊಕ್ಕುಳಬಳ್ಳಿ ಕತ್ತರಿಸಲು ನೂಲು ಕತ್ತರಿಸುವ ಕತ್ತರಿಯನ್ನು ಕುದಿನೀರಿಗೆ ಹಾಕಿದ್ದು. ಮತ್ತೆ ಅದೇ ಜಾಗದಲ್ಲಿ ಅವರ ಮಾತು ಮುಗ್ಗರಿಸಿ, ಒಂದೇ ಹೆಜ್ಜೆಗೆ ಸಂಜೆ ತಲುಪಿತು. ಏನೂ ಬರುವುದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು, ಗಂಟಲಿನಿಂದ ಒಂದು ಬಿಕ್ಕಳಿಕೆ ತೆಗೆದೆ. ಇನ್ನೊಂದು ತೆಗೆದೆ.

“ಬೇಡ ಮಗಾ,” ಎಂದರು ಹಮೀದ್ ಸಾಹೇಬರು, ಕಣ್ಣು ತೆರೆಯದೆ. “ಇದು ಗಂಟಲಿಂದ ಬಂದದ್ದು. ಸರಿಯಾದದ್ದು ಬೆನ್ನಿಂದ ಬರ್ತದೆ. ನನ್ನ ಹತ್ರ ದೊಡ್ಡ ದೊಡ್ಡ ವಕೀಲರೂ ಹೀಗೆ ಮಾಡಿ ನೋಡಿದ್ದಾರೆ.” ಅವರು ಎರಡನೇ ಗೆರೆ ಎಳೆದರು. ಗುಂಪು ನಕ್ಕಿತು. ನನ್ನ ಕಿವಿಯವರೆಗೂ ಬಿಸಿಯಾಯಿತು. ಅಲ್ಲಿಂದ ಓಡಿಹೋಗುವುದೇ ಸರಿ ಎನ್ನಿಸಿತು. ಓಡದೆ ನಿಂತದ್ದು ಧೈರ್ಯದಿಂದಲ್ಲ. ಸುತ್ತ ಸೇರಿದವರು ದಾರಿ ಬಿಟ್ಟಿರಲಿಲ್ಲ.

“ಇನ್ನು ಒಂದೇ ಉಳಿದದ್ದು,” ಎಂದರು ಸಾಹೇಬರು. “ನೆನಪಿಲ್ಲದಿದ್ರೆ ಇಲ್ಲ ಅಂತ ಹೇಳಿಬಿಡಿ ಬಾಯಮ್ಮ. ಅದೇನೂ ಅವಮಾನ ಅಲ್ಲ.”

“ನಂಗೆ ನೆನಪಿಲ್ಲ ಅಂತ ಹೇಳ್ಬೇಡಿ,” ಎಂದರು ಸೆಲ್ಲಿ ಬಾಯಮ್ಮ. “ಅದೊಂದು ಮಾತ್ರ ಹೇಳ್ಬೇಡಿ.”

ಆಗ ಅಮ್ಮ ಮಾತಾಡಿದಳು. ನೆಲದ ಮೇಲಿನ ಕಣ್ಣನ್ನು ಎತ್ತದೆ, ಆದರೆ ಎಲ್ಲರಿಗೂ ಕೇಳುವ ಹಾಗೆ. “ಸೆಲ್ಲೀ, ಎಲ್ಲಾ ಹೇಳು.”

“ಬೇಡ ದೇವಕಿ. ಕಂಪನಿಯವ್ರು ಕೂತಿದ್ದಾರೆ.”

“ಕೂತಿರ್ಲಿ. ಹೇಳು. ಹುಡುಗಿ ಹುಟ್ಟಿದ್ದು ಸುಳ್ಳಾಗ್ಬಾರ್ದು.”

ಸೆಲ್ಲಿ ಬಾಯಮ್ಮ ಮೂರನೇ ಸಲ ಹೇಳಲು ಶುರುಮಾಡಿದಾಗ ಗುಂಪಿನಲ್ಲಿ ಯಾರೂ ನಗಲಿಲ್ಲ. ಬಿಸಿಲಿನಿಂದ ನನ್ನ ಅಳುವವರೆಗೆ ಅವರು ಮೊದಲಿನಂತೆಯೇ ಹೇಳಿದರು. ಆಮೇಲೆ ಅವರ ದನಿ ಗಟ್ಟಿಯಾಯಿತು.

“ಮಗುವನ್ನು ಸುತ್ತಲಿಕ್ಕೆ ಏನೂ ಇರ್ಲಿಲ್ಲ, ಎಲ್ಲಾ ಒದ್ದೆ. ಒಣಗಿದ್ದು ಒಂದೇ ಇತ್ತು, ಕಪ್ತಾನರ ಮೇಜಿನ ಹಾಸು. ಬಿಳಿಯ ಮೇಲೆ ಬಿಳಿ ಲಂಗರು ನೇಯ್ದದ್ದು, ಹೊಸತು. ಅದನ್ನು ಮುಟ್ಬೇಡ ಅಂತ ನಾನು ಹೇಳಿದೆ. ದೇವಕಿ ಎಳೆದ್ಲು. ಅವಳು ಬಸುರಿ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಗೊತ್ತಾದ್ರೆ ಕೆಲಸದಿಂದ ತೆಗೀತಿದ್ರು. ಬಟ್ಟೆಯ ಗಂಟು ಹೊಟ್ಟೆಗೆ ಅಡ್ಡ ಹಿಡಿದುಕೊಂಡೇ ಒಂಬತ್ತು ತಿಂಗಳು ದೂಡಿದ್ಲು. ಮೂರು ಗಂಟೆಗೆ ಹಾಸು ಎಲ್ಲಿ ಅಂತ ಮೇಲಿನವರು ಬಂದ್ರು. ಮಗು ಗಾಡಿಯಲ್ಲಿ, ಬಟ್ಟೆಯ ಅಡಿಯಲ್ಲಿ. ಯಾರು ತೆಗೆದದ್ದು ಅಂತ ಕೇಳಿದ್ರು. ನಾನು ದೇವಕಿಯನ್ನು ನೋಡಿದೆ. ಅವಳು ನೆಲ ನೋಡಿದ್ಲು. ನಾನು ನೋಡ್ತಾ ಇದ್ದೆ, ಅವಳು ನೆಲ ನೋಡ್ತಾ ಇದ್ಲು. ಆಗ ನಾನು ಹೇಳಿದೆ, ನನ್ನ ಇಸ್ತ್ರಿಯಲ್ಲಿ ಸುಟ್ಟುಹೋಯ್ತು, ಹೆದರಿ ಒಲೆಗೆ ಹಾಕಿದೆ ಅಂತ. ಅಲ್ಲೇ ನಿಂತಲ್ಲೇ ನನ್ನ ಕೆಲಸ ತೆಗೆದ್ರು. ಗೇಟಿನಲ್ಲಿ ಎಲ್ಲರ ಗಂಟನ್ನೂ ಬಿಚ್ಚಿ ನೋಡ್ತಾರೆ. ಕೆಲಸ ಹೋಗಿ ಅಳ್ತಾ ಬರುವವಳ ಗಂಟು ಯಾರೂ ಬಿಚ್ಚೂದಿಲ್ಲ. ನನ್ನ ಗಂಟಿನಲ್ಲಿ ಇವಳಿದ್ಲು. ನಾನೇ ಹೊತ್ತುಕೊಂಡು ಬಂದು ಇವಳ ಮನೆಯ ಹೊಸ್ತಿಲು ದಾಟಿಸಿದೆ. ದೇವಕಿ ಐದಕ್ಕೆ ಕೆಲಸ ಮುಗಿಸಿ ಬಂದ್ಲು.”

ಬೆನ್ನಿನ ನಡುವಿನಿಂದ ಏನೋ ಎದ್ದು ಬಂದು ನನ್ನ ಭುಜವನ್ನು ಅಲ್ಲಾಡಿಸಿತು. ಒಂದು. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಎರಡು. ಮೂರನೆಯದಕ್ಕೆ ನಾನು ಮೇಜನ್ನು ಹಿಡಿದುಕೊಳ್ಳಬೇಕಾಯಿತು. ಹಮೀದ್ ಸಾಹೇಬರು ಕಣ್ಣು ತೆರೆದು ನನ್ನ ಪ್ರವೇಶಪತ್ರದ ಮೇಲೆ ಮುದ್ರೆ ಒತ್ತಿದರು. ಹುಟ್ಟಿದ ಗಳಿಗೆಯಿಂದ ಊರ್ಜಿತ ಎಂದು ಅದರಲ್ಲಿತ್ತು. ಎಲ್ಲ ಮುದ್ರೆಯಲ್ಲೂ ಹಾಗೆಯೇ ಇರುವುದು.

ಮಲ್ಯರು ಎದ್ದುನಿಂತಿದ್ದರು. ಅಮ್ಮನ ಕೈಯಿಂದ ಉಡುಗೊರೆಯ ಪತ್ರವನ್ನು ಮೆಲ್ಲಗೆ ತೆಗೆದುಕೊಂಡರು. “ದೇವಕಿಯಮ್ಮ, ಇದರಲ್ಲಿ ‘ದೋಷವಿಲ್ಲದ ಸೇವೆಗಾಗಿ’ ಅಂತ ಬರೆದಿದೆ. ನಾನು ಕೇಳದೆ ಇದ್ದಿದ್ರೆ ಒಳ್ಳೇದಿತ್ತು. ಕೇಳಿ ಆಯ್ತಲ್ಲ. ಈಗ ಏನು ಮಾಡ್ಲಿ?”

ಎರಡನೇ ಸೀಟಿ ಕೂಗಿತು. ನಾನು ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಯೋಚಿಸಿದ್ದರೆ ಹೇಳುತ್ತಿರಲಿಲ್ಲ.

“ಸಾರ್, ಪ್ರಯಾಣಿಕರು ಹಾಸು ಕೊಳೆ ಮಾಡಿದ್ರೆ ಲಾಂಡ್ರಿಯವರ ಮೇಲೆ ದೋಷ ಬರೀತಾರಾ?”

“ಎಂತ?”

“ಪ್ರಯಾಣಿಕರು ಸಾರ್. ಹನ್ನೆರಡನೇ ಕೋಣೆಯವರು ಸಾರು ಚೆಲ್ತಾರಲ್ಲ. ಅದು ಅಮ್ಮನ ದೋಷವಾ?”

“ಅದು ಹೇಗೆ ಆಗ್ತದೆ? ಅಲ್ಲ.”

“ಆ ಹಾಸನ್ನು ಹಾಳು ಮಾಡಿದ್ದು ನಾನು. ನಾನು ಈ ಹಡಗಿನ ಪ್ರಯಾಣಿಕಳು. ಹುಟ್ಟಿದ ಗಳಿಗೆಯಿಂದ ಊರ್ಜಿತ ಅಂತ ಮುದ್ರೆಯಲ್ಲಿ ಉಂಟು.” ಪ್ರವೇಶಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ. “ದೋಷ ಬರೆಯೂದಾದ್ರೆ ನನ್ನ ಹೆಸರಿನ ಮುಂದೆ ಬರೀರಿ.”

ಹಮೀದ್ ಸಾಹೇಬರು ಮೇಜು ಕುಟ್ಟಿ ನಕ್ಕರು. “ಮಲ್ಯರೇ, ಮೂವತ್ತು ಎಣಿಸಿ ಅತ್ತ ಹುಡುಗಿ ಇದು! ಉತ್ತರ ಕೊಡಿ ನೋಡುವ!” ಗುಂಪಿಗೆ ಗುಂಪೇ ನಕ್ಕಿತು. ಮಲ್ಯರು ಕರ್ಚೀಫು ತೆಗೆದು ಮುಖ ಒರೆಸಿಕೊಂಡು, ಪತ್ರವನ್ನು ಅಮ್ಮನ ಕೈಗೆ ವಾಪಸು ಇಟ್ಟರು. “ಹತ್ತಿ ಮಾರಾಯ್ರೆ, ಬೇಗ ಹತ್ತಿ. ಇಪ್ಪತ್ತಮೂರು ವರ್ಷದ ಹಿಂದಿನ ಹಾಸು ಹುಡುಕ್ತಾ ಕೂತ್ರೆ ಹಡಗು ನಾಳೆಯೂ ಹೊರಡ್ಲಿಕ್ಕಿಲ್ಲ.”

ನಾನು ಪೆಟ್ಟಿಗೆ ಎತ್ತಿಕೊಂಡೆ. ಅಮ್ಮ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಇನ್ನೊಂದು ಕಾಲು ಕಟ್ಟೆಯ ಮೇಲೇ ಇತ್ತು. ಹಾಗೇ ನಿಂತಳು. ಮೇಲಿನಿಂದ ಒಬ್ಬ ನಾವಿಕ ಬೇಗ ಬರುವಂತೆ ಕೈ ಬೀಸುತ್ತಿದ್ದ. ಅವಳು ತಿರುಗಿ, ಆ ದಿನ ಮೊದಲ ಬಾರಿಗೆ, ಸೆಲ್ಲಿ ಬಾಯಮ್ಮನ ಮುಖವನ್ನು ನೇರವಾಗಿ ನೋಡಿದಳು.

“ಸೆಲ್ಲೀ, ನಾನು ಹೋಗ್ಲಾ?”

ಹೋಗು ಎಂದು ಅವರು ಹೇಳುತ್ತಾರೆಂದು ನಾನು ಕಾದೆ. ಮಲ್ಯರೂ ಕಾದರು. ಸೆಲ್ಲಿ ಬಾಯಮ್ಮ ಹಡಗನ್ನು ನೋಡಿದರು, ಅಮ್ಮನನ್ನು ನೋಡಿದರು.

“ಬೇಡ,” ಎಂದರು.

“ಬೇಡವಾ?”

“ನಾನು ಈ ಹುಡುಗಿಗೋಸ್ಕರ ಬಂದೆ. ಹೇಳ್ಬೇಕಾದ್ದು ಹೇಳಿದೆ. ನೀನು ಕೇಳದೆ ಹತ್ತಿ ಹೋಗಿದ್ರೆ ಬೈದುಕೊಂಡು ಮನೆಗೆ ಹೋಗ್ತಿದ್ದೆ, ಅಷ್ಟೇ. ಕೇಳಿದ್ದಿ ಅಲ್ಲ? ಕೇಳಿದ ಮೇಲೆ ಸುಳ್ಳು ಹೇಳ್ಲಿಕ್ಕಾಗೂದಿಲ್ಲ. ನೀನು ಆ ಹಡಗಿನಲ್ಲಿ ಕಾಲು ಚಾಚಿ ಮಲಗೂದು ನಂಗೆ ಬೇಡ ದೇವಕಿ.”

ಯಾರೋ “ಅಯ್ಯೋ ಬಾಯಮ್ಮ” ಎಂದರು. ಅಮ್ಮ ನನ್ನ ಕಡೆ ನೋಡಿದಳು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ನಾಲ್ಕು ದಿನಗಳಲ್ಲಿ ನಾನೂ ಆ ದ್ವೀಪಗಳ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದನ್ನು ಅವಳಿಗೆ ಹೇಳಿರಲಿಲ್ಲ. ಅವಳು ಮೆಟ್ಟಿಲಿನಿಂದ ಕಾಲು ಕೆಳಗೆ ತೆಗೆದಳು.

“ಆಯ್ತು,” ಎಂದಳು. ಪತ್ರವನ್ನು ಮಲ್ಯರ ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅವರ ಶಾಯಿಬಾಟಲಿಯನ್ನು ಅದರ ಮೇಲಿರಿಸಿದಳು. ಮಲ್ಯರು ಏನೋ ಹೇಳಲು ಬಾಯಿ ತೆರೆದರು. ಹಮೀದ್ ಸಾಹೇಬರು ಅವರ ತೋಳು ಮುಟ್ಟಿ ಸುಮ್ಮನಾಗಿಸಿದರು.

ಜನ ದಾರಿ ಬಿಟ್ಟರು. ಅವರಿಬ್ಬರೂ ಮುಂದೆ, ನಾನು ಹಿಂದೆ. ಉಪ್ಪಿನ ಗೋದಾಮಿನವರೆಗೆ ನಡೆದೆವು. ಅಲ್ಲಿ ಸೆಲ್ಲಿ ಬಾಯಮ್ಮ ಅಮ್ಮನ ಸೆರಗನ್ನು ಎರಡು ಬೆರಳಿನಿಂದ ಹಿಡಿದು ನೋಡಿದರು.

“ಇದಕ್ಕೆ ಎಷ್ಟು ಗಂಜಿ ಹಾಕಿದ್ದಿ ಮಾರಾಯ್ತಿ? ನಿಲ್ಸಿದ್ರೆ ತಾನಾಗಿಯೇ ನಿಲ್ತದೆ.”

“ಹಡಗಿಗೆ ಅಂತ ಹಾಕಿದ್ದು.”

“ಹಡಗಿಗಂತೆ.”

“ನೀನು ಹಾಕಿದ್ರೆ ಮುದ್ದೆ ಕಟ್ತಿತ್ತು. ಮೊದ್ಲೂ ಹಾಗೇ.”

“ಹೌದೌದು, ಹೇಳು, ಹೇಳು. ಇನ್ನೂ ಎಂತೆಂತ ಉಂಟು ಎಲ್ಲಾ ಹೇಳು.”

ಮೂರನೇ ಸೀಟಿ ಕೂಗಿದಾಗ ಅಮ್ಮ ತಿರುಗಿ ನೋಡಲಿಲ್ಲ. ನಾನು ನೋಡಿದೆ. ಹಡಗಿಗೂ ಕಟ್ಟೆಗೂ ನಡುವೆ ನೀರು ಮೊದಲು ಒಂದು ಬಾಗಿಲಿನಷ್ಟು ಕಂಡಿತು, ಆಮೇಲೆ ಒಂದು ಓಣಿಯಷ್ಟು. ಮೇಲೆ ನಿಂತವರು ಯಾರೆಂದು ನೋಡದೆ ಎಲ್ಲರಿಗೂ ಕೈ ಬೀಸುತ್ತಿದ್ದರು. ನಾನೂ ಪೆಟ್ಟಿಗೆಯನ್ನು ಕೆಳಗಿಟ್ಟು ಒಮ್ಮೆ ಕೈ ಎತ್ತಿದೆ. ಅಷ್ಟರಲ್ಲಿ ಮುಂದಿನಿಂದ ಇಬ್ಬರೂ ಒಟ್ಟಿಗೆ ನನ್ನ ಹೆಸರು ಹಿಡಿದು ಕೂಗಿದರು.